ಗಣಕದ ಮರೆವಿಗೆ ಬೆಲೆ ತೆರುವವರಾರು?

ಮಸ್ಕಿಯ ಬಂಡೆಯ ಮೇಲಿರುವ ಅಶೋಕನ ಶಾಸನವನ್ನು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರೊಬ್ಬರು ಕಂಡುಹಿಡಿದರು. ಬಿರುದಿನೊಡನೆ ಅಶೋಕನ ಹೆಸರೂ ಅದರಲ್ಲಿ ದೊರೆತುದರಿಂದ ಆ ಬಂಡೆಗೆ ಲೋಕಪ್ರಸಿದ್ಧಿ ಬಂದಿತು. ಒಮ್ಮೆ ಬರೆದುದನ್ನು ಎರಡು ಸಾವಿರ ವರ್ಷಗಳಿಗೂ ಮೀರಿ ಉಳಿಸಿಕೊಂಡಿರುವುದೇ ಅದರ ಹಿರಿಮೆ. ಗಣಕಯಂತ್ರದ ಮೆಮೊರಿಗೂ ಇದೇ ಗುಣವಿದ್ದಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ತುಂಬಿಹೋಗಿ ನಿರುಪಯುಕ್ತವಾಗುತ್ತಿತ್ತು. ಅದು ಮಕ್ಕಳ ಪಾಟಿಯಂತೆ. ಬರೆದು, ಅಳಿಸಿ, ಮತ್ತೆ ಬರೆಯುವುದರಿಂದಲೇ ಅದರ ಬಾಳು. ಆದರೆ ಯಾವುದನ್ನು ಅಳಿಸಬೇಕು, ಯಾವಾಗ ಅಳಿಸಬೇಕು, ಅಳಿಸುವ ಹೊಣೆ ಯಾರದು?

ಸಿ ಭಾಷೆಯಲ್ಲಿ ಈ ಹೊಣೆ ಪೂರ್ತಿಯಾಗಿ ಪ್ರೋಗ್ರಾಮು ಬರೆಯುವವನದು. ಜಾಗವನ್ನು ಕೇಳಿ ಪಡೆಯುವವನೂ ಅವನೇ, ಹಿಂದಿರುಗಿಸುವವನೂ ಅವನೇ. ಹಿಂದಿರುಗಿಸಲು ಮರೆತರೆ ಮೆಮೊರಿ ಸೋರಿಹೋಗುವುದು. ಹಿಂದಿರುಗಿಸಿದ ಮೇಲೂ ಬಳಸಿದರೆ ಬೇರೊಬ್ಬರ ದತ್ತಾಂಶ ಕೆಡುವುದು. ಇದು ಸಣ್ಣ ಅಪಾಯವಲ್ಲ. ತಾನು ವರ್ಷವರ್ಷವೂ ಸರಿಪಡಿಸುವ ಭದ್ರತಾ ದೋಷಗಳಲ್ಲಿ ನೂರಕ್ಕೆ ಸುಮಾರು 70 ಇಂಥ ತಪ್ಪುಗಳಿಂದಲೇ ಹುಟ್ಟುವುವೆಂದು ಮೈಕ್ರೋಸಾಫ್ಟ್ ಸಂಸ್ಥೆ 2019ರಲ್ಲಿ ತಿಳಿಸಿತು. ಆದುದರಿಂದಲೇ ಜಾವಾ, ಪೈಥಾನ್ ಮುಂತಾದ ಭಾಷೆಗಳಲ್ಲಿ ಈ ಕೆಲಸ ತಾನೇ ತಾನಾಗಿ ನಡೆಯುವ ಏರ್ಪಾಡು ಉಂಟು. "ಇಲ್ಲಿ ಆ ಚಿಂತೆ ನಮಗಿಲ್ಲ, ಯಂತ್ರವೇ ನೋಡಿಕೊಳ್ಳುವುದು" ಎಂದು ತರಗತಿಯಲ್ಲಿ ಹೇಳಿ ಮುಂದೆ ಸಾಗುತ್ತೇವೆ. ನಮ್ಮ ಅಭಿಪ್ರಾಯದಲ್ಲಿ ಇದು ಅರ್ಧಸತ್ಯ. ಶಕ್ತಿಯು ನಾಶವಾಗದು, ರೂಪ ಬದಲಿಸುವುದು ಎಂದು ಬೋಧಿಸುವ ನಾವು, ಈ ಚಿಂತೆ ಯಾವ ರೂಪ ತಾಳಿತೆಂಬುದನ್ನೂ ವಿದ್ಯಾರ್ಥಿಗಳಿಗೆ ತೋರಿಸಬೇಕಲ್ಲವೆ?

ಸಿಂಧನೂರಿನ ಸೀಮೆಯವರಿಗೆ ಭತ್ತದ ಗೋದಾಮು ಹೊಸದಲ್ಲ. ಅಂಥದೊಂದು ಗೋದಾಮನ್ನು ಊಹಿಸಿಕೊಳ್ಳೋಣ. ಪ್ರತಿಯೊಂದು ಚೀಲಕ್ಕೂ ಚೀಟಿಗಳುಂಟು. ಚೀಟಿ ಯಾರ ಬಳಿಯಾದರೂ ಇರುವ ತನಕ ಚೀಲ ಉಳಿಯಬೇಕು. ಯಾರ ಬಳಿಯೂ ಇಲ್ಲವಾದರೆ ಜಾಗ ತೆರವಾಗಬೇಕು. ಒಂದು ವಿಶೇಷವೆಂದರೆ, ಕೆಲವು ಚೀಲಗಳ ಒಳಗೂ ಬೇರೆ ಚೀಲಗಳ ಚೀಟಿಗಳಿರುತ್ತವೆ. ಮೆಮೊರಿಯಲ್ಲಿಯೂ ಒಂದು ದತ್ತಾಂಶವು ಇನ್ನೊಂದರ ವಿಳಾಸವನ್ನು ಇಟ್ಟುಕೊಂಡಿರುವುದು ಹೀಗೆಯೇ.

ಮೊದಲನೆಯ ವಿಧಾನ ಎಣಿಕೆಯದು. ಇದನ್ನು 1960ರಲ್ಲಿ ಜಾರ್ಜ್ ಕಾಲಿನ್ಸ್ ಪ್ರಕಟಿಸಿದರು. ಪ್ರತಿ ಚೀಲದ ಮೇಲೂ ಅದರ ಚೀಟಿಗಳ ಸಂಖ್ಯೆಯನ್ನು ಬರೆಯಬೇಕು. ಚೀಟಿ ಹೆಚ್ಚಿದಾಗ ಸಂಖ್ಯೆ ಏರುವುದು, ಹರಿದಾಗ ಇಳಿಯುವುದು, ಸೊನ್ನೆಯಾದೊಡನೆ ಚೀಲ ಹೊರಬೀಳುವುದು. ಜಾಗ ಕೂಡಲೇ ದೊರೆಯುವುದು ಇದರ ಗುಣ. ಚೀಟಿ ಕೈ ಬದಲಾದಾಗಲೆಲ್ಲ ಗುಮಾಸ್ತನು ಸಂಖ್ಯೆಯನ್ನು ತಿದ್ದಬೇಕಾದುದು ಇದರ ಬೆಲೆ. ಇನ್ನೊಂದು ತೊಡಕೂ ಇದೆ. ಎರಡು ಚೀಲಗಳು ಒಂದರ ಚೀಟಿಯನ್ನೊಂದು ಒಳಗಿಟ್ಟುಕೊಂಡಿದ್ದರೆ, ಹೊರಗಿನವರೆಲ್ಲ ಅವನ್ನು ಮರೆತರೂ ಎಣಿಕೆ ಸೊನ್ನೆಗೆ ಇಳಿಯದು. ಅವು ಅಲ್ಲಿಯೇ ಉಳಿಯುವುವು. ಪೈಥಾನಿನ ಮುಖ್ಯ ಆವೃತ್ತಿಯು ಎಣಿಕೆಯನ್ನೇ ಅವಲಂಬಿಸಿದ್ದರೂ ಇಂಥ ಜೋಡಿಗಳನ್ನು ಹುಡುಕಲು 2000ದಲ್ಲಿ ಬೇರೊಬ್ಬ ತಪಾಸಣೆಗಾರನನ್ನು ಸೇರಿಸಿಕೊಳ್ಳಬೇಕಾಯಿತು. ಸ್ವಿಫ್ಟ್ ಭಾಷೆಯಾದರೋ ಈ ಗಂಟನ್ನು ಬಿಡಿಸುವ ಕೆಲಸವನ್ನು ಪ್ರೋಗ್ರಾಮು ಬರೆಯುವವನಿಗೇ ಬಿಟ್ಟಿದೆ.

ಎರಡನೆಯದು ಜಾಡು ಹಿಡಿಯುವ ವಿಧಾನ. ಲಿಸ್ಪ್ ಭಾಷೆಗಾಗಿ ಜಾನ್ ಮೆಕಾರ್ಥಿ ಇದನ್ನು ವಿವರಿಸಿದ್ದೂ 1960ರಲ್ಲಿಯೇ. ಇಲ್ಲಿ ದಿನನಿತ್ಯದ ಲೆಕ್ಕವಿಲ್ಲ. ಗೋದಾಮು ತುಂಬಿದಾಗ ಕೆಲಸವನ್ನು ನಿಲ್ಲಿಸಿ, ಹೊರಗಿನವರ ಕೈಯಲ್ಲಿರುವ ಚೀಟಿಗಳಿಂದ ಹೊರಟು, ಆ ಚೀಲಗಳೊಳಗಿನ ಚೀಟಿಗಳನ್ನೂ ಅನುಸರಿಸಿ, ತಲುಪಿದ ಚೀಲಕ್ಕೆಲ್ಲ ಗುರುತು ಹಾಕುವುದು, ಗುರುತಿಲ್ಲದ್ದನ್ನು ಗುಡಿಸಿಹಾಕುವುದು. ಪರಸ್ಪರ ಹಿಡಿದುಕೊಂಡ ಚೀಲಗಳ ತೊಂದರೆ ಇಲ್ಲಿಲ್ಲ. ಆದರೆ ಕೆಲಸ ಒಮ್ಮೆಲೇ ನಿಲ್ಲುವುದು. ಪರದೆಯ ಮೇಲೆ ಓಡುತ್ತಿರುವ ಚಿತ್ರ ತಟಕ್ಕನೆ ತಡವರಿಸುವುದಕ್ಕೆ ಇದೂ ಒಂದು ಕಾರಣ.

ಈ ನಿಲುಗಡೆಯನ್ನು ಕಡಿಮೆ ಮಾಡಲು ವಿದ್ವಾಂಸರು ಬಹಳ ಶ್ರಮಿಸಿದ್ದಾರೆ. ಎರಡು ಗೋದಾಮುಗಳನ್ನಿಟ್ಟುಕೊಂಡು, ಬೇಕಾದುದನ್ನು ಮಾತ್ರ ಒಂದರಿಂದ ಇನ್ನೊಂದಕ್ಕೆ ಸಾಗಿಸಿ, ಹಳೆಯದನ್ನು ಇಡಿಯಾಗಿ ತೆರವುಮಾಡುವ ಸುಲಭೋಪಾಯವನ್ನು ಚೀನಿ ಎಂಬವರು 1970ರಲ್ಲಿ ಕೊಟ್ಟರು. ಆದರೆ ಅರ್ಧ ಜಾಗ ಸದಾ ಖಾಲಿ ಬಿದ್ದಿರಬೇಕು. ಇಂದು ಬಂದ ಚೀಲಗಳಲ್ಲಿ ಬಹುಪಾಲು ಇಂದೇ ಬೇಡವಾಗುವುವಾದುದರಿಂದ ಅಂಗಳವನ್ನು ಮೇಲಿಂದ ಮೇಲೆ, ಒಳಕೋಣೆಯನ್ನು ಅಪರೂಪಕ್ಕೆ ಪರೀಕ್ಷಿಸಿದರೆ ಸಾಕೆಂಬುದನ್ನು ಡೇವಿಡ್ ಅಂಗರ್ 1984ರಲ್ಲಿ ಕಾರ್ಯತಃ ತೋರಿಸಿದರು. ಜಾವಾ ಇಂದಿಗೂ ಈ ತತ್ತ್ವವನ್ನು ಬಳಸುತ್ತಿದೆ. ಎಣಿಕೆಯು ಸತ್ತುದರ ಬೆನ್ನುಹತ್ತುವುದು, ಜಾಡು ಹಿಡಿಯುವುದು ಬದುಕಿರುವುದರ ಬೆನ್ನುಹತ್ತುವುದು. ಇವೆರಡೂ ಒಂದೇ ನಾಣ್ಯದ ಎರಡು ಮುಖಗಳೆಂದು ಬೇಕನ್, ಚೆಂಗ್ ಮತ್ತು ರಾಜನ್ ಎಂಬವರು 2004ರಲ್ಲಿ ನಿರೂಪಿಸಿದರು.

ಮೂರನೆಯ ವಿಧಾನದಲ್ಲಿ ಗುಮಾಸ್ತನೇ ಇಲ್ಲ. 2015ರಲ್ಲಿ ಮೊದಲ ಸ್ಥಿರ ಆವೃತ್ತಿ ಹೊರಬಂದ ರಸ್ಟ್ ಭಾಷೆಯಲ್ಲಿ ಪ್ರತಿ ಚೀಲಕ್ಕೂ ಒಬ್ಬನೇ ಒಡೆಯ. ಅವನು ಹೊರಟಾಗ ಚೀಲವೂ ಹೊರಡಬೇಕು. ಎರವಲು ಪಡೆದವರು ಅದಕ್ಕೆ ಮೊದಲೇ ಹಿಂದಿರುಗಿಸಬೇಕು. ನಿಯಮ ಪಾಲನೆಯಾಗಿದೆಯೇ ಎಂದು ಪ್ರೋಗ್ರಾಮು ಓಡುವ ಮೊದಲೇ ಕಂಪೈಲರು ಪರೀಕ್ಷಿಸುವುದು. ಇಲ್ಲಿ ಬೆಲೆ ತೆರುವುದು ಬರೆಯುವವನ ಬುದ್ಧಿಶ್ರಮ. ಸರಿಯಾಗಿರುವ ಕೆಲವು ಪ್ರೋಗ್ರಾಮುಗಳನ್ನು ಸಹ ಕಂಪೈಲರು ತಿರಸ್ಕರಿಸುವುದುಂಟು. ಹಲವರು ಒಂದನ್ನೇ ಹಂಚಿಕೊಳ್ಳಬೇಕಾದಲ್ಲಿ ಮತ್ತೆ ಎಣಿಕೆಗೇ ಶರಣಾಗಬೇಕಾಗುವುದು.

ಹೀಗೆ ಬೆಲೆಯನ್ನು ಚಿಲ್ಲರೆಯಾಗಿ ಕೊಡಬಹುದು, ಇಡಿಗಂಟಾಗಿ ಕೊಡಬಹುದು, ಜಾಗದ ರೂಪದಲ್ಲಿ ಕೊಡಬಹುದು, ಮುಂಗಡವಾಗಿ ಆಲೋಚನೆಯ ರೂಪದಲ್ಲಿಯೂ ಕೊಡಬಹುದು. ಕೊಡದಿರುವ ದಾರಿ ಮಾತ್ರ ಇಲ್ಲ. ಒಂದು ಬಿಟ್ ಮಾಹಿತಿಯನ್ನು ಅಳಿಸಲು ಸಹ ಕನಿಷ್ಠ ಇಷ್ಟು ಉಷ್ಣವನ್ನು ಹೊರಹಾಕಲೇಬೇಕೆಂದು ರಾಲ್ಫ್ ಲ್ಯಾಂಡೌರ್ 1961ರಲ್ಲಿ ವಾದಿಸಿದರು. ಆ ಪ್ರಮಾಣ ಅತ್ಯಲ್ಪ, ಇಲ್ಲಿ ಹೇಳಿದ ವೆಚ್ಚಗಳಿಗೆ ಅದು ಕಾರಣವೂ ಅಲ್ಲ. ಆದರೂ ಮರೆವು ಪುಕ್ಕಟೆಯಲ್ಲವೆಂಬ ಮಾತು ಭೌತಶಾಸ್ತ್ರದಲ್ಲಿಯೂ ನಿಲ್ಲುವುದೆಂಬುದು ಗಮನಾರ್ಹ.

ಈ ಬೆಲೆಯನ್ನು ಅಳೆದವರೂ ಉಂಟು. 2005ರಲ್ಲಿ ಹರ್ಟ್ಜ್ ಮತ್ತು ಬರ್ಗರ್ ಜಾವಾ ಪ್ರೋಗ್ರಾಮುಗಳ ಮೇಲೆ ಪ್ರಯೋಗ ನಡೆಸಿದರು. ಕೈಯಿಂದ ನಿರ್ವಹಿಸಿದಾಗ ಬೇಕಾಗುವುದರ ಐದು ಪಟ್ಟು ಮೆಮೊರಿ ಕೊಟ್ಟರೆ, ಜಾಡು ಹಿಡಿಯುವ ಉತ್ತಮ ವಿಧಾನವು ವೇಗದಲ್ಲಿ ಸಮನಾಯಿತು. ಮೂರು ಪಟ್ಟು ಕೊಟ್ಟಾಗ ಸರಾಸರಿ ನೂರಕ್ಕೆ 17ರಷ್ಟು, ಎರಡೇ ಪಟ್ಟು ಕೊಟ್ಟಾಗ ಸುಮಾರು 70ರಷ್ಟು ನಿಧಾನವಾಯಿತು. ಇಂದಿನ ಯಂತ್ರಗಳಲ್ಲಿ ಅಂಕಿಗಳು ಬದಲಾಗಬಹುದು. ಜಾಗ ಕಿರಿದಾದಷ್ಟೂ ಗುಡಿಸುವ ಕೆಲಸ ಹೆಚ್ಚುವುದೆಂಬ ತತ್ತ್ವ ಬದಲಾಗದು.

ನಾವು ಹೇಳಬಯಸುವ ಮುಖ್ಯ ವಿಷಯ ಇಲ್ಲಿದೆ. ವಿಪುಲ ಮೆಮೊರಿಯುಳ್ಳ ಯಂತ್ರದ ಮುಂದೆ ಕುಳಿತು ಪ್ರೋಗ್ರಾಮು ಬರೆದವನಿಗೆ ಈ ವೆಚ್ಚ ಕಾಣುವುದಿಲ್ಲ. ಲಿಂಗಸುಗೂರಿನ ವಿದ್ಯಾರ್ಥಿನಿಯು ಅದನ್ನೇ ತನ್ನ ಅಗ್ಗದ ಮೊಬೈಲು ಫೋನಿನಲ್ಲಿ ತೆರೆದಾಗ ಅದು ಕುಂಟುವುದು. ಶ್ರಮ ಉಳಿಸಿಕೊಂಡವನೊಬ್ಬ, ಬೆಲೆ ತೆತ್ತವಳು ಇನ್ನೊಬ್ಬಳು. ತುಂಗಭದ್ರಾ ಎಡದಂಡೆ ಕಾಲುವೆಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ. ಮೇಲ್ಭಾಗದವರು ಮನಬಂದಂತೆ ನೀರು ಹರಿಸಿಕೊಂಡರೆ ಕೊನೆಯ ಭಾಗದ ಗದ್ದೆ ಒಣಗುವುದು. ಮೇಲಿನವನಿಗೆ ಅದು ಕಣ್ಣಿಗೂ ಬೀಳದು. "ಮೆಮೊರಿ ಅಗ್ಗವಾಗುತ್ತ ಬಂದಿದೆಯಲ್ಲ" ಎನ್ನುವವರಿಗೆ ನಮ್ಮ ಉತ್ತರವಿಷ್ಟೆ: ಮೆಮೊರಿ ಹೆಚ್ಚಿದಂತೆಲ್ಲ ಅದನ್ನು ನುಂಗುವ ಪ್ರೋಗ್ರಾಮುಗಳೂ ಹಿಗ್ಗಿವೆ.

ಹಾಗೆಂದು ಎಲ್ಲರೂ ಸಿ ಭಾಷೆಗೆ ಹಿಂದಿರುಗಲೆಂದು ನಾವು ಹೇಳುವುದಿಲ್ಲ. ಮೇಲೆ ಹೇಳಿದ ಅಪಾಯಗಳು ಸುಳ್ಳಲ್ಲ. ಸ್ವಯಂಚಾಲಿತ ವಿಧಾನಗಳು ಮಾನವಬುದ್ಧಿಯ ಉತ್ತಮ ಫಲಗಳು. ನಮ್ಮ ಬೇಡಿಕೆ ಚಿಕ್ಕದು. "ಯಾವ ವಿಧಾನ ಶ್ರೇಷ್ಠ?" ಎಂಬ ಪ್ರಶ್ನೆಯನ್ನು ಪರೀಕ್ಷೆಗಳಿಂದ ತೆಗೆದುಹಾಕಿ, "ಈ ಕೆಲಸಕ್ಕೆ ಯಾವ ಬೆಲೆ ಒಪ್ಪುವುದು, ಅದನ್ನು ತೆರುವವರು ಯಾರು?" ಎಂದು ಕೇಳಬೇಕು. ಹತ್ತು ಚೌಕಗಳನ್ನೂ ಕೆಲವು ಬಾಣಗಳನ್ನೂ ಕಾಗದದ ಮೇಲೆ ಬರೆದು, ಎಣಿಕೆಯನ್ನೂ ಗುರುತು ಹಾಕುವುದನ್ನೂ ವಿದ್ಯಾರ್ಥಿಗಳು ಒಮ್ಮೆಯಾದರೂ ಕೈಯಾರೆ ಮಾಡಿ ನೋಡಬೇಕು; ಇದಕ್ಕೆ ಪ್ರಯೋಗಶಾಲೆಯೂ ಬೇಡ, ವಿದ್ಯುತ್ತೂ ಬೇಡ. ಬರೆದ ಪ್ರೋಗ್ರಾಮನ್ನು ಕಾಲೇಜಿನ ಅತ್ಯಂತ ಹಳೆಯ ಯಂತ್ರದಲ್ಲಿ ಓಡಿಸಿ ನೋಡಿದ ಮೇಲೆಯೇ ಅದು ಮುಗಿಯಿತೆಂದು ಎಣಿಸಬೇಕು. ಕಾಲುವೆಯ ಕೊನೆಯಲ್ಲಿರುವವರನ್ನು ನೆನೆದು ನೀರು ಬಿಡುವವನಂತೆ, ಚಿಕ್ಕ ಯಂತ್ರದವರನ್ನು ನೆನೆದು ಬರೆಯುವ ಪ್ರೋಗ್ರಾಮುಕಾರರು ನಮ್ಮ ಈ ಊರುಗಳಿಂದಲೇ ಹೊರಬರಲಿ.