ಊರಿಗೆ ಹೋಗುವ ದಾರಿಯೂ ಕೂಲಿಯ ಲೆಕ್ಕದಲ್ಲಿ ಬರಬೇಕು

ಯುರೋಪ್ ಅಂದರೆ ನಮಗೆ ನೆನಪಾಗುವುದು ಐಫೆಲ್ ಗೋಪುರ, ಹಿಮದ ಬೆಟ್ಟ, ಸಿನಿಮಾ ಹಾಡು. ಆದರೆ ಅಲ್ಲೂ ಗುಳೆ ಹೋಗುವ ಜನ ಇದ್ದಾರೆ. ಪ್ರತಿ ವರ್ಷ ವಸಂತದಲ್ಲಿ, ಈಸ್ಟರ್ ಹಬ್ಬ ಹತ್ತಿರ ಬಂದಾಗ, ಜರ್ಮನಿ, ಇಟಲಿ, ಸ್ಪೇನ್‌ನಲ್ಲಿ ದುಡಿಯುವ ರೊಮೇನಿಯಾದವರು ಕಾರು, ಮಿನಿಬಸ್ಸು ಹತ್ತಿ ಊರಿನ ಕಡೆ ಹೊರಡುತ್ತಾರೆ. ಕಟ್ಟಡ ಕೆಲಸದವರು, ಲಾರಿ ಚಾಲಕರು, ವಯಸ್ಸಾದವರನ್ನು ನೋಡಿಕೊಳ್ಳುವ ಹೆಣ್ಣುಮಕ್ಕಳು, ಮಾಂಸದ ಕಾರ್ಖಾನೆಯ ಕೂಲಿಗಳು ಹೀಗೆ ಎಲ್ಲರೂ ಇರುತ್ತಾರೆ.

ದಾರಿ ಎಷ್ಟು ಉದ್ದ ನೋಡಿ. ಜರ್ಮನಿಯ ಮ್ಯೂನಿಕ್‌ನಿಂದ ರೊಮೇನಿಯಾದ ಸಿಬಿಯು ಊರಿಗೆ ಸುಮಾರು 1,200 ಕಿಲೋಮೀಟರ್. ಬೆಂಗಳೂರಿನಿಂದ ಮುಂಬೈಗಿಂತ ದೂರ. ಆಸ್ಟ್ರಿಯಾದ ಲಿನ್ಜ್, ವಿಯೆನ್ನಾ ದಾಟಿ, ಹಂಗೇರಿಯ ಬುಡಾಪೆಸ್ಟ್, ಸೆಗೆಡ್ ಹಾದು, ನಡ್ಲಾಕ್ ಎಂಬಲ್ಲಿ ರೊಮೇನಿಯಾದ ಗಡಿ ಸಿಗುತ್ತದೆ. ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯಾ, ಹಂಗೇರಿ, ರೊಮೇನಿಯಾ ಮೂರಕ್ಕೂ ಬೇರೆ ಬೇರೆ ರಸ್ತೆ ಪಾಸ್ ತೆಗೆಯಬೇಕು. ದುಡ್ಡೂ ಬದಲಾಗುತ್ತದೆ: ಮೊದಲು ಯೂರೋ, ಆಮೇಲೆ ಫೋರಿಂಟ್, ಕೊನೆಗೆ ಲೇ. ಗಡಿ ದಾಟಿದ ಮೇಲೆ ಗಡಿಯಾರವನ್ನೂ ಒಂದು ಗಂಟೆ ಮುಂದಕ್ಕೆ ತಿರುಗಿಸಬೇಕು.

ಇಷ್ಟೆಲ್ಲಾ ಯಾಕೆ? ವಿಯೆನ್ನಾದಲ್ಲಿ ಕೆಲಸಕ್ಕಿರುವ ಅಕ್ಕನನ್ನು, ಗಡಿ ಹತ್ತಿರದ ಹಳೇ ಗೆಳೆಯನನ್ನು ದಾರಿಯಲ್ಲೇ ಮಾತಾಡಿಸಿಕೊಂಡು ಬರಬಹುದು. ಊರಲ್ಲಿ ಅಜ್ಜಿಯ ಹತ್ತಿರ ಬಿಟ್ಟ ಮಕ್ಕಳಿರುತ್ತಾರೆ. ಹಬ್ಬದ ಹಿಂದಿನ ಮಧ್ಯರಾತ್ರಿ ಚರ್ಚಿನಲ್ಲಿ ಹಚ್ಚಿದ ಮೇಣದಬತ್ತಿಯನ್ನು ಆರದಂತೆ ಮನೆಗೆ ತರಬೇಕು. ಕೆಂಪು ಬಣ್ಣದ ಮೊಟ್ಟೆಗಳನ್ನು ಒಂದಕ್ಕೊಂದು ತಾಗಿಸಿ ಒಡೆಯಬೇಕು. ಅಷ್ಟು ದೂರದ ದುಡಿಮೆಗೆ ಅರ್ಥ ಸಿಗುವುದು ಈ ನಾಲ್ಕು ದಿನದಲ್ಲೇ.

ನನ್ನ ಅಭಿಪ್ರಾಯ ಇಷ್ಟೇ. ಒಂದು ದೇಶ ಕೂಲಿಕಾರರನ್ನು ಕರೆಸಿಕೊಳ್ಳುತ್ತದೆ ಎಂದರೆ, ಅವರು ಊರಿಗೆ ಹೋಗಿ ಬರುವ ದಾರಿಯನ್ನೂ ಸುಲಭ ಮಾಡಿಕೊಡಬೇಕು. ಅದು ಉಪಕಾರ ಅಲ್ಲ, ಕೂಲಿಯ ಒಂದು ಭಾಗ. ಯುರೋಪಿನ ಶ್ರೀಮಂತ ದೇಶಗಳು ಇದರಲ್ಲಿ ಬಹಳ ತಡ ಮಾಡಿವೆ.

ಗಡಿಯ ವಿಷಯವನ್ನೇ ತೆಗೆದುಕೊಳ್ಳಿ. ರೊಮೇನಿಯಾ ಯುರೋಪಿಯನ್ ಒಕ್ಕೂಟ ಸೇರಿದ್ದು 2007ರಲ್ಲಿ. 2014ರ ಜನವರಿಯಿಂದ ರೊಮೇನಿಯಾದವರು ಜರ್ಮನಿಯಲ್ಲಿ ಯಾವ ನಿರ್ಬಂಧವೂ ಇಲ್ಲದೆ ಕೆಲಸ ಮಾಡಬಹುದು ಎಂದಾಯಿತು. ಆದರೆ ಪಾಸ್‌ಪೋರ್ಟ್ ತಪಾಸಣೆ ಇಲ್ಲದ ಷೆಂಗೆನ್ ವಲಯಕ್ಕೆ ಅವರನ್ನು ಸೇರಿಸಲಿಲ್ಲ. 2022ರ ಡಿಸೆಂಬರಿನಲ್ಲೂ ಆಸ್ಟ್ರಿಯಾ ಅಡ್ಡ ಬಿತ್ತು. ವಿಮಾನದಲ್ಲಿ ಹೋಗುವವರಿಗೆ 2024ರ ಮಾರ್ಚ್ 31ರಿಂದ ತಪಾಸಣೆ ತೆಗೆದರು. ರಸ್ತೆಯಲ್ಲಿ ಹೋಗುವವರು 2025ರ ಜನವರಿ 1ರವರೆಗೆ ಕಾಯಬೇಕಾಯಿತು. ಅಲ್ಲಿಯವರೆಗೆ ಹಬ್ಬದ ಸಮಯದಲ್ಲಿ ನಡ್ಲಾಕ್ ಗಡಿಯಲ್ಲಿ ಮಕ್ಕಳುಮರಿ ಸಮೇತ ಗಂಟೆಗಟ್ಟಲೆ ಸಾಲು. ವಿಮಾನಕ್ಕೆ ಮೊದಲು, ಮಿನಿಬಸ್ಸಿಗೆ ಆಮೇಲೆ: ಈ ಕ್ರಮವೇ ಎಲ್ಲ ಹೇಳುತ್ತದೆ.

ಎರಡನೆಯದು ರಜೆ. ರೊಮೇನಿಯಾದ ಹೆಚ್ಚಿನವರು ಆರ್ಥೊಡಾಕ್ಸ್ ಕ್ರೈಸ್ತರು. ಅವರ ಈಸ್ಟರ್ ಲೆಕ್ಕ ಬೇರೆ. 2025ರಲ್ಲಿ ಎರಡೂ ಏಪ್ರಿಲ್ 20ಕ್ಕೆ ಬಂದವು. ಆದರೆ 2024ರಲ್ಲಿ ಜರ್ಮನಿಯ ಈಸ್ಟರ್ ಮಾರ್ಚ್ 31, ಇವರದ್ದು ಮೇ 5. ಅಂಥ ವರ್ಷ ಜರ್ಮನಿಯ ಹಬ್ಬದ ರಜೆ ಇವರಿಗೆ ಉಪಯೋಗಕ್ಕೆ ಬರುವುದಿಲ್ಲ, ಮಾಲೀಕನ ಮುಂದೆ ಕೈಕಟ್ಟಿ ನಿಂತು ಕೇಳಬೇಕು. ಆಸ್ಪರಾಗಸ್ ಎಂಬ ತರಕಾರಿ ಕೀಳುವವರಿಗಂತೂ ಅದೂ ಕಷ್ಟ. ಅದರ ಕೊಯ್ಲು ಏಪ್ರಿಲ್‌ನಲ್ಲಿ ಶುರುವಾಗಿ ಜೂನ್ 24ಕ್ಕೆ ಮುಗಿಯುವುದು ವಾಡಿಕೆ. ಹಬ್ಬ ಬರುವುದೇ ಸುಗ್ಗಿಯ ನಡುವೆ.

2020ರ ಕೊರೋನಾ ವಸಂತ ಮರೆಯುವಂಥದ್ದಲ್ಲ. ಆಗಿನ ಅಧ್ಯಕ್ಷ ಕ್ಲಾಸ್ ಯೊಹಾನಿಸ್, ಈ ಸಲ ಹಬ್ಬಕ್ಕೆ ಊರಿಗೆ ಬರಬೇಡಿ ಎಂದು ಹೊರದೇಶದಲ್ಲಿದ್ದ ತಮ್ಮ ಜನರನ್ನು ಕೇಳಿಕೊಂಡರು. ರೋಗದ ಕಾಲ, ಒಪ್ಪೋಣ. ಆದರೆ ಅದೇ ಏಪ್ರಿಲ್‌ನಲ್ಲಿ, ಹಬ್ಬಕ್ಕೆ ಹತ್ತು ದಿನ ಇರುವಾಗ, ಜರ್ಮನಿಯ ಹೊಲಕ್ಕೆ ಹೋಗುವ ಕೂಲಿಗಳು ಕ್ಲುಜ್ ವಿಮಾನ ನಿಲ್ದಾಣದಲ್ಲಿ ಒತ್ತೊತ್ತಾಗಿ ನಿಂತಿದ್ದರು. ಅವರಿಗಾಗಿ ವಿಶೇಷ ವಿಮಾನ ಬಂದಿತ್ತು. ಆ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ತಲಾ 40,000 ಕೃಷಿ ಕೂಲಿಗಳನ್ನು ಬಿಟ್ಟುಕೊಳ್ಳಲು ಜರ್ಮನಿ ಒಪ್ಪಿತ್ತು. ಕೆಲಸಕ್ಕೆ ಹೋಗಲು ತೆರೆದ ಬಾಗಿಲು ಮನೆಗೆ ಬರಲು ತೆರೆಯಲಿಲ್ಲ.

ತಪ್ಪು ಬರೀ ಹೊರಗಿನವರದ್ದಲ್ಲ. ಗಡಿ ದಾಟಿದ ಮೇಲೂ ಈಶಾನ್ಯದ ಸುಚಾವಾ ಕಡೆಯವರು ಕಾರ್ಪೇಥಿಯನ್ ಬೆಟ್ಟಸಾಲನ್ನು ಹಳೆಯ ತಿರುವು ರಸ್ತೆಯಲ್ಲೇ ಹತ್ತಿಳಿಯಬೇಕು. 2019ರ ಮಾರ್ಚ್ 15ರಂದು ಸ್ಟೆಫಾನ್ ಮಂಡಾಕಿ ಎಂಬ ಹೋಟೆಲ್ ಉದ್ಯಮಿ ಅಲ್ಲಿ ಸ್ವಂತ ಖರ್ಚಿನಿಂದ ಒಂದೇ ಒಂದು ಮೀಟರ್ ಹೆದ್ದಾರಿ ಕಟ್ಟಿಸಿ ಉದ್ಘಾಟನೆ ಮಾಡಿದರು. ಅವರ ಕರೆಗೆ ಆ ದಿನ ದೇಶದ ಹಲವೆಡೆ ಜನ 15 ನಿಮಿಷ ಕೆಲಸ ನಿಲ್ಲಿಸಿದರು. ದುಡಿದು ಹಣ ಕಳಿಸುವ ಜನ ಕೇಳಿದ್ದು ನೆಟ್ಟಗಿನ ಒಂದು ರಸ್ತೆ.

ಗಡಿ ತೆರೆದು ರಸ್ತೆ ಒಳ್ಳೆಯದಾದರೆ ಊರುಗಳು ಇನ್ನಷ್ಟು ಖಾಲಿಯಾಗುತ್ತವೆ ಎಂದು ವಾದಿಸುವವರಿದ್ದಾರೆ. ಆತಂಕ ಸುಳ್ಳಲ್ಲ. 1992ರ ಜನಗಣತಿಯಲ್ಲಿ 2.28 ಕೋಟಿ ಇದ್ದ ರೊಮೇನಿಯಾದ ಜನಸಂಖ್ಯೆ 2021ರಲ್ಲಿ 1.9 ಕೋಟಿಗೆ ಇಳಿದಿದೆ. ಹುಟ್ಟುವ ಮಕ್ಕಳು ಕಡಿಮೆಯಾದದ್ದೂ ಒಂದು ಕಾರಣ. ಆದರೆ ಇದೆಲ್ಲ ಆದದ್ದು ಗಡಿಯಲ್ಲಿ ತಪಾಸಣೆ ಇದ್ದ ಕಾಲದಲ್ಲೇ. ಸಾಲು, ಕೆಟ್ಟ ರಸ್ತೆ ಯಾರನ್ನೂ ಊರಲ್ಲಿ ಉಳಿಸಲಿಲ್ಲ. ವರ್ಷಕ್ಕೆ ಮೂರು ಸಲ ಬರಬಹುದಾಗಿದ್ದವರು ಒಂದೇ ಸಲ ಬಂದರು, ಅಷ್ಟೇ. ಊರಲ್ಲಿ ಉಳಿಸುವುದು ಊರಿನ ಕೆಲಸ, ಕೂಲಿ, ಶಾಲೆ, ಆಸ್ಪತ್ರೆ.

ಯುಗಾದಿಗೆ ಬೆಂಗಳೂರಿನಿಂದ ಯಾದಗಿರಿ, ರಾಯಚೂರಿಗೆ ಬಸ್ಸು ಹಿಡಿದು ನಿಂತುಕೊಂಡೇ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಬ್ಬದ ವಾರ ಖಾಸಗಿ ಬಸ್ಸಿನ ದರ ಎಲ್ಲಿಗೆ ಏರುತ್ತದೆ ಎಂಬುದು ನಿಮಗೇ ಗೊತ್ತು.

ಆದ್ದರಿಂದ ಯಾವುದೇ ಸರ್ಕಾರ, ಯಾವುದೇ ಮಾಲೀಕ ನಮ್ಮಲ್ಲಿ ಒಳ್ಳೆ ಕೂಲಿ ಇದೆ ಎಂದಾಗ ಇನ್ನೂ ಮೂರು ಪ್ರಶ್ನೆ ಕೇಳಬೇಕು. ನಮ್ಮ ಹಬ್ಬಕ್ಕೆ ರಜೆ ಇದೆಯಾ? ಊರಿಗೆ ಹೋಗಲು ಸುರಕ್ಷಿತ ಗಾಡಿ ಇದೆಯಾ? ಹೋಗಿ ಬಂದ ಮೇಲೆ ಕೆಲಸ ಉಳಿದಿರುತ್ತದಾ? ಈ ಮೂರಕ್ಕೆ ಹೌದು ಎನ್ನಲಾರದವರು ಕೊಡುವ ಕೂಲಿ, ಎಷ್ಟೇ ದೊಡ್ಡದಿರಲಿ, ಪೂರ್ತಿ ಕೂಲಿಯಲ್ಲ.