ಅಂಜಿಸುವ ಗುರುಗಳಿಗೆ

‘ಫಂಕ್ಷನಲ್ ಭಾಷೆ ಪಂಡಿತರಿಗೆ, ವೆಬ್ ಕಲಿಯಹೊರಟ ಹುಡುಗರಿಗೆ ಅದರ ಗೊಡವೆ ಬೇಡ’ ಎನ್ನುವ ಮಹನೀಯರ ಮಾತನ್ನು ನಾನು ಒಪ್ಪಲಾರೆ. ನಾನು ವ್ಯಾಕರಣದ ಮೇಷ್ಟ್ರು. ‘ಮನೆ’ಗೆ ‘ಅನ್ನು’ ಸೇರಿದರೆ ಎಂದಿಗೂ ‘ಮನೆಯನ್ನು’. ನಿನ್ನೆ ಏನು ಸೇರಿಸಿದೆವೆಂಬ ನೆನಪು ಅದಕ್ಕೆ ಬೇಡ. ಶುದ್ಧ ಫಂಕ್ಷನ್ನಿನ ಗುಣವೂ ಇಷ್ಟೆ. ವೆಬ್ಬಿನ ಎಚ್‌ಟಿಟಿಪಿಯೂ ಕೋರಿಕೆ ಬಂದರೆ ಉತ್ತರ ಕೊಡುತ್ತದೆ. ಹಿಂದಿನದನ್ನು ತಾನಾಗಿ ನೆನೆಯದು. ಇವೆರಡಕ್ಕೆ ಎಣ್ಣೆ-ಸೀಗೆಯ ಸಂಬಂಧ ಕಟ್ಟುವುದು ಯಾವ ನ್ಯಾಯ? ಬದಲಾಗುವ ಲೆಕ್ಕಪತ್ರ ಇರಲೇಬೇಕು, ನಿಜ. ಅದು ದತ್ತಸಂಚಯದಲ್ಲಿರಲಿ, ಪ್ರೋಗ್ರಾಮಿನ ತುಂಬ ಚೆಲ್ಲಾಡುವುದೇಕೆ?

೧೯೯೫ರಲ್ಲಿ ಪಾಲ್ ಗ್ರಹಾಂ, ರಾಬರ್ಟ್ ಮಾರಿಸ್ ಅವರು ವೆಬ್ ಅಂಗಡಿ ಕಟ್ಟುವ ‘ವಯಾವೆಬ್’ ಅನ್ನು ಲಿಸ್ಪ್‌ನಲ್ಲಿ ಬರೆದರು. ೧೯೯೮ರಲ್ಲಿ ಯಾಹೂ ಅದನ್ನು ಕೊಂಡಿತು. ಅದು ಪಾಂಡಿತ್ಯವೊ, ವ್ಯಾಪಾರವೊ?

ಕೋರಿಕೆಯನ್ನು ಉತ್ತರವಾಗಿಸುವ ಒಂದೇ ಒಂದು ಫಂಕ್ಷನ್ ಬರೆಯಿಸಿ ಪಾಠ ಆರಂಭಿಸಿ. ಹುಡುಗರು ಅಂಜುತ್ತಿರುವುದು ನಾವು ಅಂಜಿಸಿದ್ದರಿಂದ.