ಪ್ರಯೋಗಶಾಲೆಯಲ್ಲಿ ಎಚ್ಚರ

ಪ್ರಬಲ ಗಂಧಕಾಮ್ಲವು ನೀರಿಗಿಂತ ಸುಮಾರು 1.8 ಪಟ್ಟು ಸಾಂದ್ರವಾದುದರಿಂದ, ಅದಕ್ಕೆ ನೀರನ್ನು ಸುರಿದಾಗ ಆ ನೀರು ಮೇಲ್ಭಾಗದಲ್ಲಿಯೇ ನಿಂತು, ಮಿಶ್ರಣದಿಂದ ಹುಟ್ಟುವ ಉಗ್ರತಾಪಕ್ಕೆ ತತ್‌ಕ್ಷಣವೇ ಕುದಿದು, ಬಗ್ಗಿ ನೋಡುತ್ತಿರುವ ಬಾಲಕನ ಮುಖಕ್ಕೆ ಆಮ್ಲದ ಹನಿಗಳನ್ನು ಎರಚುತ್ತದೆ. ಆದಕಾರಣ, ಗಾಜಿನ ಕಡ್ಡಿಯಿಂದ ಕಲಕುತ್ತ, ನೀರಿಗೆ ಆಮ್ಲವನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಬೇಕೇ ಹೊರತು ಆಮ್ಲಕ್ಕೆ ನೀರನ್ನು ಎಂದಿಗೂ ಸುರಿಯಬಾರದು. ಈ ನಿಯಮವನ್ನು ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ನಿರ್ದೋಷವಾಗಿ ಬರೆಯುವ ವಿದ್ಯಾರ್ಥಿಯೇ, ಕಣ್ಣಿಗೆ ರಕ್ಷಣೆಯ ಕನ್ನಡಕವಿಲ್ಲದೆ ಪಿಪೆಟ್ಟನ್ನು ಬಾಯಿಂದ ಹೀರುವುದೂ, ಉರಿಯುತ್ತಿರುವ ದೀಪಕ್ಕೇ ಸ್ಪಿರಿಟ್ ತುಂಬಹೋಗುವುದೂ ಅತ್ಯಂತ ಶೋಚನೀಯವಾದುದು. ದೋಷ ಬಾಲಕನದಲ್ಲ; ಕೈಯಲ್ಲಿ ಹಿಡಿಸಿ ಕಲಿಸದ ಪಾಠವು ಕೈಗೆ ಬರುವುದಾದರೂ ಹೇಗೆ?

ಆಮ್ಲವು ಕಣ್ಣಿಗೆ ಸಿಡಿದಲ್ಲಿ, ಔಷಧವನ್ನು ಅರಸುತ್ತ ಕಾಲಹರಣ ಮಾಡದೆ, ರೆಪ್ಪೆಗಳನ್ನು ಬಿಡಿಸಿ ಹಿಡಿದು, ಹರಿಯುವ ನೀರಿನಿಂದ ಕನಿಷ್ಠ 15 ನಿಮಿಷ ತೊಳೆದು, ಕೂಡಲೇ ವೈದ್ಯರಲ್ಲಿಗೆ ಕರೆದೊಯ್ಯತಕ್ಕದ್ದು. ನಲ್ಲಿಯಲ್ಲಿ ನೀರಿಲ್ಲದ ದಿನ ಆಮ್ಲದ ಬೀರುವಿನ ಬೀಗವನ್ನು ತೆಗೆಯದಿರುವುದೇ ಲೇಸೆಂಬುದು ನಮ್ಮ ದೃಢವಾದ ಅಭಿಪ್ರಾಯ. ಗೋಡೆಗೆ ಸುಣ್ಣಬಣ್ಣ ಬಳಿಸುವುದಕ್ಕೆ ಮೊದಲು, ಪ್ರತಿಯೊಬ್ಬ ವಿದ್ಯಾರ್ಥಿಗೂ ಕನ್ನಡಕವನ್ನೂ ಪ್ರಯೋಗಶಾಲೆಗೆ ತಪ್ಪದೆ ಬರುವ ನೀರನ್ನೂ ಒದಗಿಸಬೇಕೆಂದು ಶಾಲೆಗಳ ಆಡಳಿತವರ್ಗವನ್ನು ಪ್ರಾರ್ಥಿಸುತ್ತೇವೆ.